ಮಬ್ಬು ಟ್ಯೂಬು ತಿಳಿಯಾಗುವ ಹೊತ್ತು

ಕೆಂಪು ರಕ್ತಕಣದ ಪೊರೆಯನ್ನು ಕ್ಲೋರೈಡ್ ದಾಟುವುದನ್ನು ಅಳೆಯಲು ಹೊರಟಾಗ ನನಗೆ ಮೊದಲು ಅಡ್ಡಬಂದದ್ದು ಅದರ ವೇಗ. ದೇಹದ ಉಷ್ಣತೆಯಲ್ಲಿ ಈ ವಿನಿಮಯ ಅರ್ಧ ಮುಗಿಯಲು ಸುಮಾರು 50 ಮಿಲಿಸೆಕೆಂಡ್ ಸಾಕು. ಪಿಪೆಟ್ ಹಿಡಿದ ಕೈ ಮೇಲೇಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಕಣಕ್ಕೆ ಈ ಅವಸರ ಬೇಕೇ ಬೇಕು. ಲೋಮನಾಳದಲ್ಲಿ ಅದು ಇರುವುದು ಒಂದು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಬೈಕಾರ್ಬೊನೇಟ್ ಹೊರಗೆ ಹೋಗಿ ಅದರ ಬದಲಿಗೆ ಕ್ಲೋರೈಡ್ ಒಳಗೆ ಬರಬೇಕು, ಒಂದಕ್ಕೆ ಒಂದರಂತೆ. ಈ ಕೆಲಸ ಮಾಡುವುದು ಬ್ಯಾಂಡ್ 3 ಎಂಬ ಪ್ರೋಟೀನು. 1971ರಲ್ಲಿ ಫೇರ್‌ಬ್ಯಾಂಕ್ಸ್ ಮತ್ತು ಸಂಗಡಿಗರು ಪೊರೆಯ ಪ್ರೋಟೀನುಗಳನ್ನು ಜೆಲ್‌ನಲ್ಲಿ ಓಡಿಸಿ, ಗಾತ್ರದಂತೆ ಬೇರೆಯಾದ ಪಟ್ಟೆಗಳಿಗೆ (ಬ್ಯಾಂಡ್) ಅಂಕಿ ಕೊಟ್ಟಿದ್ದರು. ಆ ಅಂಕಿಯೇ ಹೆಸರಾಗಿ ಉಳಿಯಿತು.

ವೇಗ ತಗ್ಗಲೆಂದು ವಿಕಿರಣಶೀಲ ಕ್ಲೋರೈಡನ್ನು ಮಂಜುಗಡ್ಡೆಯ ತಂಪಿನಲ್ಲಿ ಅಳೆಯಬಹುದು. ಇಲ್ಲವೇ ಸಾವಿರಾರು ಪಟ್ಟು ನಿಧಾನವಾಗಿ ಸಾಗುವ ವಿಕಿರಣಶೀಲ ಸಲ್ಫೇಟನ್ನು ಹಿಡಿಯಬಹುದು. ವಿಕಿರಣಶೀಲ ವಸ್ತು ಬಳಸುವ ಅನುಮತಿ ನನಗಿರಲಿಲ್ಲ. ಹಾಗಾಗಿ ಅಮೋನಿಯಂ ಕ್ಲೋರೈಡಿನ ದಾರಿ ಹಿಡಿದೆ. ಈಗಲೂ, ಹೊಸದಾಗಿ ಕಲಿಯುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ತೊಳೆದ ಕಣಗಳನ್ನು 150 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡಿಗೆ ಚೂರು ಬೈಕಾರ್ಬೊನೇಟ್ ಸೇರಿಸಿ ಅದರಲ್ಲಿ ಬಿಡಬೇಕು. ಅಮೋನಿಯಾ ಪೊರೆಯನ್ನು ಸಲೀಸಾಗಿ ದಾಟುತ್ತದೆ, ಒಳಗೆ ಒಂದು ಪ್ರೋಟಾನನ್ನು ಹಿಡಿದು ಅಮೋನಿಯಂ ಆಗುತ್ತದೆ. ಆಗ ಒಳಗೆ ಹುಟ್ಟುವ ಬೈಕಾರ್ಬೊನೇಟನ್ನು ಬ್ಯಾಂಡ್ 3 ಹೊರಗೆ ಕಳಿಸಿ ಕ್ಲೋರೈಡನ್ನು ಒಳಗೆ ತರುತ್ತದೆ. ಹೊರಗೆ ಹೋದದ್ದು ಕಾರ್ಬನ್ ಡೈಆಕ್ಸೈಡ್ ಆಗಿ ಮತ್ತೆ ಒಳಗೆ ಬರುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ. ಹೀಗೆ ಒಳಗೆ ಅಮೋನಿಯಂ ಕ್ಲೋರೈಡ್ ತುಂಬುತ್ತದೆ, ಬೆನ್ನಿಗೇ ನೀರು ನುಗ್ಗುತ್ತದೆ, ಕಣ ಉಬ್ಬಿ ಒಡೆಯುತ್ತದೆ.

ಇದನ್ನು ನೋಡಲು ಕಣ್ಣೇ ಸಾಕು. ಟ್ಯೂಬಿನ ಹಿಂದೆ ಅಚ್ಚಾದ ಹಾಳೆಯೊಂದನ್ನು ಹಿಡಿಯುತ್ತೇನೆ. ಮೊದಲು ಬರೀ ಮಬ್ಬು ಕೆಂಪು, ಅಕ್ಷರದ ಸುಳಿವೂ ಇಲ್ಲ. ಆಮೇಲೆ ದ್ರವ ಒಳಗಿನಿಂದ ಕಪ್ಪಾಗುತ್ತಾ ಬಂದಂತೆ ಕಾಣುತ್ತದೆ. ನೋಡನೋಡುತ್ತಲೇ ಅದು ದಾಳಿಂಬೆ ರಸದಂತೆ ತಿಳಿಯಾಗಿ ಹಿಂದಿನ ಸಾಲು ಓದಲು ಬರುತ್ತದೆ. ಆ ಕ್ಷಣಕ್ಕೆ ಸ್ಟಾಪ್‌ವಾಚ್ ಒತ್ತುತ್ತೇನೆ. ಪಕ್ಕದಲ್ಲಿ ಸೋಡಿಯಂ ಕ್ಲೋರೈಡಿನ ಟ್ಯೂಬು ಮಬ್ಬಾಗಿಯೇ ಇರುತ್ತದೆ. ಕರಾರುವಾಕ್ಕಾದ ಅಂಕಿ ಬೇಕಾದಾಗ ಬೆಳಕಿನ ಚದುರುವಿಕೆಯನ್ನು 700 ನ್ಯಾನೋಮೀಟರಿನಲ್ಲಿ ಅಳೆಯುತ್ತೇನೆ, ಅಲ್ಲಿ ಹೀಮೊಗ್ಲೋಬಿನ್ನಿನ ಬಣ್ಣ ಅಷ್ಟಾಗಿ ಅಡ್ಡಬರುವುದಿಲ್ಲ.

ತಿಳಿಯಾದದ್ದು ಬ್ಯಾಂಡ್ 3ರಿಂದಲೇ ಎಂದು ತೋರಿಸಲು ಅದನ್ನು ತಡೆದು ನೋಡಬೇಕು. ಅದಕ್ಕೆ ಇರುವುದು ಡಿಡ್ಸ್ (DIDS), ಬ್ಯಾಂಡ್ 3ಕ್ಕೆ ಅಂಟಿ ಅದನ್ನು ತಡೆಯುವ ರಾಸಾಯನಿಕ. ನಾನು ಎಡವಿದ್ದು ಇಲ್ಲಿ. ಕಣಗಳು ಕೆಡಬಾರದೆಂದು ಎಲ್ಲವನ್ನೂ ಐಸ್‌ನಲ್ಲಿಡುವುದು ನನ್ನ ರೂಢಿ. ಡಿಡ್ಸನ್ನೂ ಐಸ್‌ನಲ್ಲೇ ಅರ್ಧ ಗಂಟೆ ಬೆರೆಸಿಟ್ಟೆ. ಹೆಚ್ಚುಳಿದದ್ದು ಹೋಗಲೆಂದು, ಡಿಡ್ಸನ್ನು ಸೆಳೆದುಕೊಳ್ಳುವ ಅಲ್ಬುಮಿನ್ ಎಂಬ ಪ್ರೋಟೀನು ಹಾಕಿದ ಬಫರಿನಲ್ಲಿ ಎರಡು ಸಲ ತೊಳೆದೆ. ಅಮೋನಿಯಂ ಕ್ಲೋರೈಡಿಗೆ ಹಾಕಿದರೆ, ಡಿಡ್ಸ್ ಕಾಣದ ಕಣಗಳ ಜೊತೆಜೊತೆಗೇ ಇವೂ ಒಡೆದವು. ಬೆಳಕಿಗೆ ಬಿದ್ದು ಡಿಡ್ಸ್ ಕೆಟ್ಟಿರಬೇಕೆಂದು ಹೊಸ ಸೀಸೆ ತರಿಸಿದೆ. ಮತ್ತೆ ಅದೇ ಕಥೆ. ಹದಿನೈದು ದಿನ ಹೀಗೇ ಹೋಯಿತು, ನಿಜಕ್ಕೂ ಬೇಸರವಾಗಿತ್ತು.

ಒಂದು ದಿನ ಸಮಯ ಸಾಲದೆ, ಅಲ್ಬುಮಿನ್ ತೊಳೆತ ಬಿಟ್ಟು ಒಂದು ಟ್ಯೂಬನ್ನು ನೇರವಾಗಿ ಹಾಕಿದೆ. ಅದು ಮಬ್ಬಾಗಿಯೇ ನಿಂತಿತು! ಆಗ ಅರ್ಥವಾಯಿತು. ಡಿಡ್ಸ್ ಬ್ಯಾಂಡ್ 3ನ್ನು ಹಿಡಿಯುವುದು ಎರಡು ಹಂತದಲ್ಲಿ. ಮೊದಲು ಬಂದು ಸುಮ್ಮನೆ ಕೂರುತ್ತದೆ. ಆ ಹಿಡಿತವನ್ನು ಅಲ್ಬುಮಿನ್ ಬಿಡಿಸಬಲ್ಲದು. ಡಿಡ್ಸ್‌ನ ಐಸೊಥಯೋಸಯನೇಟ್ ತುದಿ ಬ್ಯಾಂಡ್ 3ರ 539ನೇ ಅಮೈನೋ ಆಮ್ಲವಾದ ಲೈಸೀನಿಗೆ ರಾಸಾಯನಿಕವಾಗಿ ಕಟ್ಟಿಕೊಂಡ ಮೇಲೆ ತೊಳೆದರೂ ಹೋಗದು. ಹಾಗೆ ಕಟ್ಟಿಕೊಳ್ಳಲು ಬಿಸಿ ಬೇಕು, ಹೊತ್ತೂ ಬೇಕು. ಐಸ್‌ನಲ್ಲಿ ನಾನು ಅದಕ್ಕೆ ಎರಡನೆಯ ಹಂತಕ್ಕೆ ಹೋಗಲು ಬಿಟ್ಟೇ ಇರಲಿಲ್ಲ.

ಈಗ 37 ಡಿಗ್ರಿಯಲ್ಲಿ ಒಂದು ಗಂಟೆ ಇಡುತ್ತೇನೆ, ಫಾಸ್ಫೇಟ್ ಬಫರಿನಲ್ಲಿ, ಟ್ಯೂಬಿಗೆ ಅಲ್ಯುಮಿನಿಯಂ ಹಾಳೆ ಸುತ್ತಿ. ಟ್ರಿಸ್ ಬಫರ್ ಬೇಡ. ಅದರ ಅಮೈನ್ ಗುಂಪಿನ ಮೇಲೇ ಡಿಡ್ಸ್ ಖರ್ಚಾಗಬಹುದು. ಎಷ್ಟು ಹಾಕಬೇಕೆಂಬುದನ್ನು ಕಣದ ಲೆಕ್ಕದಿಂದಲೇ ಹೇಳುತ್ತೇನೆ. ಒಂದು ಕಣದಲ್ಲಿ ಬ್ಯಾಂಡ್ 3 ಸುಮಾರು 12 ಲಕ್ಷ. ನೂರಕ್ಕೆ ಐದು ಪಾಲು ಕಣವಿರುವ ದ್ರವದಲ್ಲಿ ಇದು ಹೆಚ್ಚುಕಡಿಮೆ 1 ಮೈಕ್ರೋಮೋಲಾರ್ ಆಗುತ್ತದೆ. ಅಲ್ಲಿ 10 ಮೈಕ್ರೋಮೋಲಾರ್ ಡಿಡ್ಸ್ ಧಾರಾಳ. ಅದೇ ಪ್ರಮಾಣವನ್ನು ಗಟ್ಟಿಯಾಗಿ ಒತ್ತಿದ ಕಣಗಳಿಗೆ ಹಾಕಿದರೆ ಅರ್ಧಕ್ಕರ್ಧ ಪ್ರೋಟೀನು ಖಾಲಿಯೇ ಉಳಿಯುತ್ತದೆ.

ಕಲಿಯಲು ಬಂದವರಿಗೆ ನನ್ನ ಆ ತಪ್ಪನ್ನೂ ಬೇಕೆಂದೇ ಮಾಡಿ ತೋರಿಸುತ್ತೇನೆ. ಒಂದು ಟ್ಯೂಬನ್ನು ಬಿಸಿ ಮಾಡುವ ಮೊದಲು, ಇನ್ನೊಂದನ್ನು ಬಿಸಿ ಮಾಡಿದ ಮೇಲೆ ಅಲ್ಬುಮಿನ್‌ನಿಂದ ತೊಳೆದು ಅಕ್ಕಪಕ್ಕ ನಿಲ್ಲಿಸುತ್ತೇನೆ. ಮೊದಲನೆಯದರ ಹಿಂದಿನ ಸಾಲನ್ನು ಅವರು ಗಟ್ಟಿಯಾಗಿ ಓದಿ ಹೇಳುತ್ತಾರೆ, ಎರಡನೆಯದು ಆಗಲೂ ಮಬ್ಬಾಗಿಯೇ ಇರುತ್ತದೆ.