ಉಪ್ಪುಗಾಳಿಗೆ ಒಗ್ಗುವ ಸ್ಮಾರ್ಟ್‌ವಾಚ್ ಹುಡುಕಿದ ಬಗೆ

ಸ್ಮಾರ್ಟ್‌ವಾಚ್ ಕೊಳ್ಳಲು ಹೊರಟಾಗ ನಾನು ಮೊದಲು ನೋಡಿದ್ದು ನನ್ನ ಫೋನನ್ನು. ಆಪಲ್ ವಾಚ್ ಐಫೋನಿನ ಜೊತೆ ಮಾತ್ರ ಕೆಲಸ ಮಾಡುತ್ತದೆ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ವಾಚ್ 4 ಮತ್ತು ಅದರ ಈಚಿನವು ಆಂಡ್ರಾಯ್ಡ್‌ಗೆ ಮಾತ್ರ. ನನ್ನದು ಆಂಡ್ರಾಯ್ಡ್, ಹಾಗಾಗಿ ಒಂದು ಸಾಲು ವಾಚುಗಳ ಕಡೆ ತಿರುಗಿ ನೋಡುವ ಕೆಲಸವೇ ಉಳಿಯಲಿಲ್ಲ. ಮುಂದಿನ ವರ್ಷ ಫೋನ್ ಬದಲಿಸುವ ಆಲೋಚನೆ ಇದ್ದವರು ಇದನ್ನು ಈಗಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಆಮೇಲೆ ನನ್ನ ದಿನಚರಿ. ಮನೆ ಉಡುಪಿಯಲ್ಲಿ, ಕೆಲಸ ಮಣಿಪಾಲದಲ್ಲಿ, ಓಡಾಟ ಸ್ಕೂಟರಿನಲ್ಲಿ. ಸಂಜೆ ಆದಾಗಲೆಲ್ಲ ಮಲ್ಪೆ ಕಡಲತೀರದಲ್ಲಿ ಓಟ, ರಜೆ ಸಿಕ್ಕಿದರೆ ಅಜ್ಜರಕಾಡಿನ ಈಜುಕೊಳ. ಜೂನ್ ಬಂದರೆ ಸೆಪ್ಟೆಂಬರ್ ತನಕ ಮಳೆ, ಉಳಿದ ತಿಂಗಳು ಬೆವರು. ಪೆಟ್ಟಿಗೆಯ ಮೇಲೆ ಬರೆದ ‘ನೂರಕ್ಕೂ ಹೆಚ್ಚು ಸ್ಪೋರ್ಟ್ಸ್ ಮೋಡ್’ಗಳಲ್ಲಿ ನನಗೆ ಬೇಕಾದದ್ದು ನಡಿಗೆ, ಓಟ, ಈಜು, ಇಷ್ಟೇ. ಆದರೆ ನೀರು, ಉಪ್ಪು, ಬೆವರು ಈ ಮೂರನ್ನು ತಾಳದ ವಾಚು ನಮ್ಮ ಊರಲ್ಲಿ ಹೆಚ್ಚು ದಿನ ಬಾಳುವುದಿಲ್ಲ.

ನೀರಿನ ವಿಷಯದಲ್ಲಿ ಎರಡು ಬಗೆಯ ಗುರುತು ಕಾಣುತ್ತವೆ: ಐಪಿ68 ಮತ್ತು 5 ಎಟಿಎಂ. ಅಂಗಡಿಯ ಹುಡುಗ ಎರಡಕ್ಕೂ ‘ವಾಟರ್‌ಪ್ರೂಫ್ ಸರ್’ ಎಂದೇ ಹೇಳುತ್ತಾನೆ. ಐಪಿ68 ಇದ್ದರೆ ಧೂಳು ಒಳಹೋಗದು, ನಿಂತ ಸಿಹಿನೀರಿನಲ್ಲಿ ಕಂಪನಿ ಹೇಳಿದಷ್ಟು ಆಳ, ಹೇಳಿದಷ್ಟು ಹೊತ್ತು ಮುಳುಗಿಸಿಟ್ಟರೆ ತಾಳುತ್ತದೆ. ಕೈ ಬೀಸಿ ಈಜುವಾಗ ಬೀಳುವ ಒತ್ತಡ ಆ ಪರೀಕ್ಷೆಯಲ್ಲಿ ಬರುವುದಿಲ್ಲ. 5 ಎಟಿಎಂ ಅಂದರೆ 50 ಮೀಟರ್ ನೀರಿನ ಕೆಳಗಿರುವಷ್ಟು ಸ್ಥಿರ ಒತ್ತಡ ತಡೆಯುತ್ತದೆ ಎಂದು. ಕಟ್ಟಿಕೊಂಡು 50 ಮೀಟರ್ ಆಳಕ್ಕೆ ಧುಮುಕಲಿಕ್ಕಲ್ಲ, ಕೊಳದಲ್ಲಿ ಈಜಲು ಧಾರಾಳ ಸಾಕು. ನಾನು 5 ಎಟಿಎಂ ಇಲ್ಲದ್ದನ್ನು ಪಟ್ಟಿಯಿಂದ ತೆಗೆದೆ. ಈಜದವರಿಗೆ, ಬರೀ ಮಳೆಗೆ, ಐಪಿ68 ಆಗುತ್ತದೆ.

ಎರಡರಲ್ಲಿ ಯಾವುದಿದ್ದರೂ ಬಚ್ಚಲಿಗೆ ಮಾತ್ರ ಬೇಡ. ಸೋಪು ಮತ್ತು ಹಂಡೆಯ ಬಿಸಿನೀರು ಒಳಗಿನ ರಬ್ಬರ್ ಸೀಲನ್ನು ಸಡಿಲಿಸುತ್ತವೆ, ಆ ಸೀಲು ಕಾಲ ಕಳೆದ ಹಾಗೆ ತಾನಾಗಿಯೂ ಸವೆಯುತ್ತದೆ. ಸಮುದ್ರದ ನೀರು ತಾಗಿದರೆ ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆದು ಒರೆಸಬೇಕು. ಚಾರ್ಜಿಂಗ್ ಪಿನ್ನುಗಳನ್ನು ವಿಶೇಷವಾಗಿ ನೋಡಿಕೊಳ್ಳಿ: ಉಪ್ಪಿನ ತೇವ ಇರುವಾಗಲೇ ಚಾರ್ಜಿಗೆ ಇಟ್ಟರೆ ಕರೆಂಟು ಹರಿದು ಪಿನ್ನು ಹಸಿರುಗಟ್ಟಿ ತಿಂದುಹೋಗುತ್ತದೆ. ಇನ್ನು ಚರ್ಮದ ಬೆಲ್ಟು ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಸಾಕುವ ಜಾಗ, ಅಷ್ಟೇ. ಸಿಲಿಕೋನ್ ಅಥವಾ ನೈಲಾನ್ ಸಾಕು. ಬೆಲ್ಟಿನ ಅಗಲ 20 ಅಥವಾ 22 ಮಿಲಿಮೀಟರ್ ಇದ್ದರೆ ಬದಲಿ ಬೆಲ್ಟು ಎಲ್ಲಿ ಬೇಕಾದರೂ ಸಿಗುತ್ತದೆ. ಕಂಪನಿಯದ್ದೇ ವಿಶೇಷ ಕೊಂಡಿ ಇದ್ದರೆ ಅವರು ಹೇಳಿದ ಬೆಲೆ ಕೊಡಬೇಕು.

ಅಂಗಡಿಯಲ್ಲಿ ನಾನು ಒಂದಿಷ್ಟು ಪರೀಕ್ಷೆ ಮಾಡಿದೆ. ಮಧ್ಯಾಹ್ನದ ಹೊತ್ತಿಗೇ ಹೋಗಿದ್ದೆ, ವಾಚನ್ನು ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡಲಿಕ್ಕೆ. ಒಳಗೆ ಚಂದ ಕಂಡ ಅಗ್ಗದ ಎಲ್‌ಸಿಡಿ ಪರದೆಗಳಲ್ಲಿ ಹೊರಗೆ ಗಂಟೆಯೇ ಓದಲಾಗಲಿಲ್ಲ. ಪ್ರತಿ ಚುಕ್ಕಿಯೂ ತಾನೇ ಬೆಳಗುವ ಅಮೋಲೆಡ್ ಪರದೆ, ಒಳ್ಳೆಯದಾದರೆ, ಅಲ್ಲಿ ಗೆದ್ದಿತು. ಬಾಟಲಿಯಿಂದ ಒಂದೆರಡು ಹನಿ ನೀರು ಪರದೆಗೆ ಬಿಟ್ಟು ಉಜ್ಜಿಯೂ ನೋಡಿದೆ. ಟಚ್‌ಸ್ಕ್ರೀನಿಗೆ ಮಳೆಹನಿಯೂ ಬೆರಳೂ ಕೆಲವೊಮ್ಮೆ ಒಂದೇ, ತಾನಾಗಿ ಏನೇನೋ ತೆರೆದುಕೊಳ್ಳುತ್ತದೆ. ಓಟ ಶುರು ಮಾಡಲು, ನಿಲ್ಲಿಸಲು ಒತ್ತುವ ಬಟನ್ ಇರುವುದು ನಮ್ಮ ಕಡೆಗೆ ಬೇಕೇ ಬೇಕು.

ಮೂರನೆಯ ಪರೀಕ್ಷೆಗೆ ಅಂಗಡಿಯವನೇ ಬೆರಗಾದ. ನನ್ನ ಫೋನಿಗೆ ಜೋಡಿಸಿ, ಮನೆಯಿಂದ ಕನ್ನಡದಲ್ಲಿ ಒಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಲು ಹೇಳಿದೆ. ಒಂದು ವಾಚಿನಲ್ಲಿ ‘ಬರುವಾಗ ಬಂಗುಡೆ ತನ್ನಿ’ ಎನ್ನುವುದು ಸಾಲು ಸಾಲು ಚೌಕಗಳಾಗಿ ಬಂತು. ಇನ್ನೊಂದರಲ್ಲಿ ಅಕ್ಷರ ಬಂತು, ಒತ್ತಕ್ಷರ ಮುರಿದಿತ್ತು. ಅಗ್ಗದ ವಾಚುಗಳಲ್ಲಿರುವುದು ವೇರ್ ಓಎಸ್ ಎಂಬ ಗೂಗಲ್‌ನ ಪೂರ್ಣ ಪ್ರಮಾಣದ ವಾಚ್ ತಂತ್ರಾಂಶ ಅಲ್ಲ, ಕಂಪನಿಯ ಚಿಕ್ಕ ಸ್ವಂತ ತಂತ್ರಾಂಶ. ಕನ್ನಡದ ಫಾಂಟು ಅದರಲ್ಲಿ ಇರಲೇಬೇಕೆಂದಿಲ್ಲ. ಮನೆಮಂದಿಯೆಲ್ಲ ಕನ್ನಡದಲ್ಲೇ ಬರೆಯುವವರಾದರೆ ನೋಟಿಫಿಕೇಶನ್‌ಗಾಗಿ ವಾಚು ಕೊಳ್ಳುವ ಮೊದಲು ಇದೊಂದನ್ನು ನೋಡಲೇಬೇಕು.

ಜಿಪಿಎಸ್‌ನಿಂದ ನನ್ನ ಬಜೆಟ್ ಏರಿತು. ಎರಡು-ಮೂರು ಸಾವಿರದ ಬಹುತೇಕ ವಾಚುಗಳಲ್ಲಿ ಇರುವುದು ‘ಕನೆಕ್ಟೆಡ್ ಜಿಪಿಎಸ್’, ಅಂದರೆ ದಾರಿ ಅಳೆಯುವುದು ಜೇಬಿನ ಫೋನು. ಮರಳು, ತೆರೆ ಇರುವಲ್ಲಿ ನಾನು ಫೋನ್ ಒಯ್ಯುವುದಿಲ್ಲ, ಹಾಗಾಗಿ ವಾಚಿನಲ್ಲೇ ಜಿಪಿಎಸ್ ಬೇಕಿತ್ತು. ಕೊಂಡ ಮೇಲೆ 400 ಮೀಟರಿನ ಟ್ರ್ಯಾಕಿನ ಒಳಗಿನ ಲೇನಿನಲ್ಲಿ ಓಡಿ ಹೋಲಿಸಿದೆ, ನನ್ನ ಕೆಲಸಕ್ಕೆ ಸಾಕಷ್ಟು ಸರಿ ಉಂಟು. ಹೆಜ್ಜೆ ಎಣಿಕೆಯನ್ನು ಮಾತ್ರ ನಾನು ನಂಬುವುದಿಲ್ಲ. ಹೊಂಡದ ರಸ್ತೆಯಲ್ಲಿ ಸ್ಕೂಟರ್ ಬಿಟ್ಟುಕೊಂಡು ಬಂದರೂ ನಡೆದಿದ್ದೀರಿ ಎಂದು ಹೊಗಳುವ ಯಂತ್ರ ಅದು.

ಆರೋಗ್ಯದ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಅಪ್ಪನಿಗೆ ‘ಬಿಪಿ, ಶುಗರ್ ತೋರಿಸುವ ವಾಚು’ ಬೇಕಿತ್ತು. ಹಿಂಬದಿಯ ಹಸಿರು ಬೆಳಕು ಚರ್ಮದಡಿ ರಕ್ತ ಹರಿಯುವ ಏರಿಳಿತವನ್ನು ನೋಡಿ ನಾಡಿ ಲೆಕ್ಕ ಹಾಕುತ್ತದೆ. ಬೆಲ್ಟು ಸಡಿಲವಾದರೆ ಲೆಕ್ಕ ತಪ್ಪುತ್ತದೆ, ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಕಟ್ಟಿದರೆ ಉತ್ತಮ. ಗ್ಯಾಲಕ್ಸಿ ವಾಚಿನ ಬಿಪಿ ಸೌಲಭ್ಯಕ್ಕೂ ತೋಳಿಗೆ ಕಟ್ಟುವ ಬಿಪಿ ಯಂತ್ರದಿಂದ 28 ದಿನಕ್ಕೊಮ್ಮೆ ಹೊಂದಿಸಿಕೊಳ್ಳಬೇಕು ಎಂದು ಸ್ಯಾಮ್‌ಸಂಗ್ ತಾನೇ ಹೇಳುತ್ತದೆ. ಹೇಗೂ ಆ ಯಂತ್ರ ಬೇಕು ಅಂದ ಮೇಲೆ ಅದನ್ನೇ ತರೋಣ ಎಂದೆ. ಸೂಜಿ ಚುಚ್ಚದೆ ಸಕ್ಕರೆ ಅಳೆಯುವ ವಾಚು, ಉಂಗುರಗಳನ್ನು ನಂಬಬೇಡಿ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ. ಅಂಥ ಯಾವ ವಾಚಿಗೂ ಅದು ಅನುಮತಿ ಕೊಟ್ಟಿರಲಿಲ್ಲ. ತಪ್ಪು ಅಂಕಿ ನೋಡಿ ಇನ್ಸುಲಿನ್ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಅಪ್ಪ ಸ್ವಲ್ಪ ಮುನಿಸಿಕೊಂಡರು. ತೋಳಿನ ಬಿಪಿ ಯಂತ್ರ ಬಂತು, ಗ್ಲುಕೋಮೀಟರ್ ಮೊದಲೇ ಇತ್ತು.

ಬ್ಯಾಟರಿಯಲ್ಲಿ ವೇರ್ ಓಎಸ್ ಮತ್ತು ಆಪಲ್ ವಾಚುಗಳಿಗೆ ಬಹುಪಾಲು ದಿನವೂ ಚಾರ್ಜು ಬೇಕು, ಸರಳ ವಾಚು ವಾರ ದಾಟುತ್ತದೆ. ಮಳೆಗಾಲದ ರಾತ್ರಿ ತೆಂಗಿನ ಮಡಲು ತಂತಿಗೆ ಬಿದ್ದು ಕರೆಂಟು ಹೋಗುವ ಊರಿನವನಿಗೆ ವಾರದ್ದೇ ಹಿತ. ವಾಚಿನಿಂದಲೇ ಉತ್ತರ ಬರೆಯುವುದು, ಹೊಸ ಆ್ಯಪ್ ಹಾಕುವುದು ನನ್ನದರಲ್ಲಿ ಆಗುವುದಿಲ್ಲ, ಅದನ್ನು ತಿಳಿದೇ ಬಿಟ್ಟುಕೊಟ್ಟೆ.

ಕೊನೆಗೆ ಆರಿಸಿದ್ದು ಹತ್ತು ಸಾವಿರದೊಳಗಿನದು: ಅಮೋಲೆಡ್, 5 ಎಟಿಎಂ, ಸ್ವಂತ ಜಿಪಿಎಸ್, ಒಂದು ಬಟನ್, ಸರಿಯಾಗಿ ಕಾಣುವ ಕನ್ನಡ. ಮಾಡೆಲ್ ಹೆಸರು ಬರೆಯುತ್ತಿಲ್ಲ, ನೀವು ಕೊಳ್ಳುವ ಹೊತ್ತಿಗೆ ಅಂಗಡಿಯಲ್ಲಿ ಬೇರೆಯದೇ ಇರುತ್ತದೆ. ಬಿಲ್ ಮಾಡಿಸುವ ಮೊದಲು ಎರಡು ಪ್ರಶ್ನೆ ಕೇಳಿದೆ. ರಿಪೇರಿ ಮಂಗಳೂರಿನಲ್ಲೇ ಆಗುತ್ತದಾ, ಕೊರಿಯರಿನಲ್ಲಿ ಬೆಂಗಳೂರಿಗೆ ಹೋಗಬೇಕಾ? ಚಾರ್ಜರ್ ಕಳೆದುಹೋದರೆ ಬೇರೆ ಸಿಗುತ್ತದಾ? ಇದಕ್ಕೆ ‘ಆನ್‌ಲೈನಲ್ಲಿ ಸಿಗಬಹುದು ಸರ್’ ಎಂಬ ಉತ್ತರ ಬಂದಿದ್ದರಿಂದ ಅದೇ ಮಾಡೆಲಿನ ಇನ್ನೊಂದು ಚಾರ್ಜರನ್ನು ಅಂದೇ ರಾತ್ರಿ ತರಿಸಿದೆ.