ಬಣ್ಣ ಆಮೇಲೆ, ಮೊದಲು ಸೀಲು: ಹಳೆ ಜಾವಾ, ಯೆಜ್ಡಿಯನ್ನು ಮನೆಯಲ್ಲೇ ಎಬ್ಬಿಸುವ ಕ್ರಮ

ವರ್ಷಗಟ್ಟಲೆ ಹಿತ್ತಲ ಶೆಡ್ಡಿನಲ್ಲಿ ನಿಂತಿದ್ದ ಜಾವಾ ಅಥವಾ ಯೆಜ್ಡಿ ಕೈಗೆ ಬಂದಾಗ ಹೆಚ್ಚಿನವರು ಎರಡರಲ್ಲೊಂದು ಮಾಡುತ್ತಾರೆ. ಪೆಟ್ರೋಲ್ ಸುರಿದು ಕಿಕ್ ಹೊಡೆಯುತ್ತಾರೆ, ಇಲ್ಲವೇ ಟ್ಯಾಂಕು, ಮಡ್‌ಗಾರ್ಡು ಬಿಚ್ಚಿ ಪೇಂಟಿಗೆ ಕೊಡುತ್ತಾರೆ. ಎರಡೂ ಬೇಡ. ಇದು ಟೂ ಸ್ಟ್ರೋಕ್ ಎಂಜಿನ್. ಇದರ ಕ್ರ್ಯಾಂಕ್ ಕೇಸೇ, ಅಂದರೆ ಪಿಸ್ಟನ್ನಿನ ಕೆಳಗಿನ ಕೋಣೆಯೇ, ಗಾಳಿ ಪಂಪು. ಅಲ್ಲಿ ಗಾಳಿ ಸೋರಿದರೆ ಹೊಸ ಪಿಸ್ಟನ್, ಹೊಸ ಕಾರ್ಬುರೇಟರ್, ಹೊಳೆಯುವ ಕ್ರೋಮ್ ಯಾವುದೂ ಉಪಯೋಗಕ್ಕೆ ಬಾರದು. ಗಾಡಿ ಒಂದು ತಿಂಗಳು ಓಡಿ ಪಿಸ್ಟನ್ ಹಿಡಿದುಕೊಂಡು ಸೀಜ್ ಆಗುತ್ತದೆ. ಆದ್ದರಿಂದ ಕೈಯಲ್ಲಿರುವ ದುಡ್ಡು ಮೊದಲು ಆ ಸೋರಿಕೆ ತಡೆಯುವ ರಬ್ಬರ್ ಸೀಲಿಗೂ ಬೇರಿಂಗಿಗೂ ಹೋಗಲಿ, ಉಳಿದದ್ದು ಬಣ್ಣಕ್ಕೆ.

ಇಲ್ಲಿ ಹೇಳುತ್ತಿರುವುದು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ 250 ಸಿ.ಸಿ. ಗಾಡಿಗಳ ಬಗ್ಗೆ. 1961ರಲ್ಲಿ ಅಲ್ಲಿ ಜಾವಾ ತಯಾರಾಗತೊಡಗಿತು, 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 65 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಎಡಗಡೆ ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ನಟ್ಟು ಬೋಲ್ಟುಗಳೆಲ್ಲ ಮಿಲಿಮೀಟರ್ ಅಳತೆಯವು. ಹಳೆ ಬುಲೆಟ್ಟಿಗೆ ಬೇಕಾಗುವಂಥ ಇಂಗ್ಲಿಷ್ ಅಳತೆಯ ಪಾನಾಗಳನ್ನು ಹುಡುಕಬೇಕಿಲ್ಲ. 10, 14, 17, 19ರ ರಿಂಗ್ ಸ್ಪ್ಯಾನರ್, ಫೀಲರ್ ಗೇಜ್, ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್, ಡೈನಮೋ ಎಳೆಯುವ ಬೋಲ್ಟು ಇದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ಇಂಪ್ಯಾಕ್ಟ್ ಡ್ರೈವರ್ ಇಲ್ಲದೆ ಕವರಿನ ಸ್ಕ್ರೂಗಳಿಗೆ ಕೈ ಹಾಕಬೇಡಿ. ತಲೆ ಸವೆದುಹೋದರೆ ಡ್ರಿಲ್ ಹಾಕಿ ತೆಗೆಯಬೇಕಾಗುತ್ತದೆ.

ಗಾಡಿ ಕೊಳ್ಳುವ ಮೊದಲೇ ಎಂಜಿನ್ ನಂಬರು, ಚಾಸಿಸ್ ನಂಬರುಗಳನ್ನು ಆರ್.ಸಿ. ಪುಸ್ತಕದ ಜೊತೆ ತಾಳೆ ನೋಡಿ. ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚಿನ ಅಂಕಿ ಮೂಡುತ್ತದೆ, ತಿದ್ದಿದ್ದರೆ ಗೊತ್ತಾಗುತ್ತದೆ. 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಗಾಡಿಗೆ 2021ರ ಕೇಂದ್ರ ನಿಯಮದಂತೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಆ ನಂಬರಿನ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಕೆಲಸಕ್ಕೆ ಹೋಗಿಬರುವ ಆಸೆ ಇದ್ದರೆ ಹಳೆ ನೋಂದಣಿಯನ್ನೇ ನವೀಕರಿಸಿಕೊಳ್ಳಿ.

ಕಿಕ್ ಹೊಡೆಯುವ ಮುಂಚೆ

ಸೈಲೆನ್ಸರಿನ ತುದಿಯಲ್ಲಿ, ಕಾರ್ಬುರೇಟರಿನ ಬಾಯಲ್ಲಿ ಬೆಳಕು ಬಿಟ್ಟು ನೋಡಿ. ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ, ಏರ್ ಫಿಲ್ಟರಿನಲ್ಲಿ ಇಲಿ ಹತ್ತಿ ತುಂಬಿರುತ್ತದೆ. ಆ ಮಣ್ಣಿನ ಒಂದು ಚೂರು ಒಳಗೆ ಹೋದರೂ ಬ್ಲಾಕಿನಲ್ಲಿ, ಅಂದರೆ ಸಿಲಿಂಡರಿನಲ್ಲಿ, ಗೀರು ಬೀಳುತ್ತದೆ.

ಪ್ಲಗ್ ಬಿಚ್ಚಿ ಡೀಸೆಲ್ ಮತ್ತು ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಆಯಿಲ್) ಸಮಸಮ ಬೆರೆಸಿ 30 ಮಿ.ಲೀ. ಒಳಗೆ ಬಿಡಿ. ಎರಡು ಮೂರು ದಿನ ಹಾಗೇ ಇರಲಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ. ಅಂಟಿದ ಪಿಸ್ಟನ್ ಸಾಮಾನ್ಯವಾಗಿ ಇಷ್ಟಕ್ಕೇ ಬಿಡುತ್ತದೆ. ಬಿಡದಿದ್ದರೆ ಮತ್ತೆರಡು ದಿನ ಕಾಯಿರಿ. ಅಂಟಿದ ಎಂಜಿನ್ನಿಗೆ ಕಿಕ್ ಮೇಲೆ ನಿಂತು ತುಳಿದರೆ ಒಳಗಿನ ಕಿಕ್ ಹಲ್ಲುಗಳು ಮುರಿಯುತ್ತವೆ. ಆಗ ಹೆಡ್ ಮಾತ್ರ ಬಿಚ್ಚಬೇಕಿದ್ದ ಕೆಲಸ ಇಡೀ ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ.

ಗಾಳಿ ಪರೀಕ್ಷೆ

ಕ್ರ್ಯಾಂಕಿನ ಎರಡೂ ತುದಿಯಲ್ಲಿ ರಬ್ಬರ್ ಆಯಿಲ್ ಸೀಲುಗಳಿವೆ. ಎಡಗಡೆ ಸೀಲಿನ ಆಚೆ ಪ್ರೈಮರಿ ಚೈನು, ಕ್ಲಚ್ಚು, ಗೇರ್ ಆಯಿಲ್. ಬಲಗಡೆ ಸೀಲಿನ ಆಚೆ ಡೈನಮೋ. ಎಡಗಡೆಯದು ಹೋದರೆ ಎಂಜಿನ್ ಗೇರ್ ಆಯಿಲನ್ನು ಹೀರಿ ಸುಡುತ್ತದೆ. ಎಷ್ಟು ಹೊತ್ತಾದರೂ ಬಿಳಿ ಹೊಗೆ ನಿಲ್ಲುವುದಿಲ್ಲ, ಪ್ಲಗ್ ಒದ್ದೆಯಾಗುತ್ತದೆ, ಗೇರ್ ಬಾಕ್ಸಿನ ಆಯಿಲ್ ಮಟ್ಟ ಇಳಿಯುತ್ತದೆ. ಬಲಗಡೆಯದು ಹೋದರೆ ಹೊರಗಿನ ಗಾಳಿ ನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ರೇಸ್ ಆಗುತ್ತಲೇ ಇರುತ್ತದೆ, ಮಿಶ್ರಣದಲ್ಲಿ ಪೆಟ್ರೋಲೂ ಆಯಿಲೂ ಕಮ್ಮಿಯಾಗಿ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಬಲಗಡೆ ಸೋರಿಕೆಗೆ ಹೊಗೆಯ ಎಚ್ಚರಿಕೆ ಇಲ್ಲ, ಅದಕ್ಕೇ ಅದು ಹೆಚ್ಚು ಅಪಾಯ.

ಇದನ್ನು ಊಹೆಯ ಮೇಲೆ ಬಿಡಬೇಕಿಲ್ಲ, ಮನೆಯಲ್ಲೇ ಅಳೆಯಬಹುದು. ಕಾರ್ಬುರೇಟರ್ ಬಿಚ್ಚಿ ಆ ಜಾಗಕ್ಕೆ ಹಳೆ ಟ್ಯೂಬಿನ ರಬ್ಬರ್ ತುಂಡೂ ಮೇಲೊಂದು ತಗಡೂ ಇಟ್ಟು ಬಿಗಿಯಿರಿ. ಎರಡೂ ಸೈಲೆನ್ಸರ್ ಪೈಪು ಕಳಚಿ, ಎರಡು ವಾಷರುಗಳ ನಡುವೆ ದಪ್ಪ ರಬ್ಬರ್ ಸಿಕ್ಕಿಸಿದ ಬೋಲ್ಟನ್ನು ಪ್ರತಿ ಬಾಯಿಗೂ ತೂರಿಸಿ. ನಟ್ಟು ಬಿಗಿದಂತೆ ರಬ್ಬರ್ ಉಬ್ಬಿ ಬಾಯಿ ಮುಚ್ಚುತ್ತದೆ. ಹಳೆ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಕಬ್ಬಿಣದ ಚಿಪ್ಪಿಗೆ ನಳಿಕೆಯೊಂದನ್ನು ಎಪಾಕ್ಸಿಯಿಂದ ಕೂರಿಸಿ. ಅದಕ್ಕೆ ಬಿ.ಪಿ. ನೋಡುವ ಮುಳ್ಳಿನ ಯಂತ್ರದ ಗೇಜನ್ನೂ ಅದರ ರಬ್ಬರ್ ಬುಡ್ಡೆಯನ್ನೂ ಜೋಡಿಸಿ. ಈ ಗೇಜು 300ರವರೆಗೆ ತೋರಿಸುತ್ತದೆ, ಇಲ್ಲಿ ಬೇಕಾದ ಒತ್ತಡವೂ ಅಷ್ಟರೊಳಗೇ ಇದೆ. ಟಯರಿನ ಗೇಜಿನಲ್ಲಿ ಇಷ್ಟು ಸಣ್ಣ ಒತ್ತಡ ಸರಿಯಾಗಿ ಕಾಣುವುದಿಲ್ಲ.

ಪಿಸ್ಟನ್ನನ್ನು ಪೂರ್ತಿ ಕೆಳಗೆ ತನ್ನಿ. ಆಗ ಟ್ರಾನ್ಸ್‌ಫರ್ ದಾರಿಗಳು ತೆರೆದು ಮೇಲಿನ ಗಾಳಿ ಕ್ರ್ಯಾಂಕ್ ಕೇಸಿಗೂ ಇಳಿಯುತ್ತದೆ. ಬುಡ್ಡೆ ಒತ್ತಿ 250ಕ್ಕೆ ಏರಿಸಿ ಗಡಿಯಾರ ನೋಡಿ. ನಿಮಿಷಕ್ಕೆ 50ಕ್ಕಿಂತ ಹೆಚ್ಚು ಇಳಿದರೆ ಸೋರಿಕೆ ಇದೆ. ಸೋಪಿನ ನೀರನ್ನು ಬ್ರಷ್ಷಿನಲ್ಲಿ ಹೆಡ್ ಜೋಡಣೆ, ಬ್ಲಾಕಿನ ಬುಡ, ಕೇಸಿನ ನಡುವಿನ ಗೆರೆಗೆ ಹಚ್ಚಿ ಗುಳ್ಳೆ ಹುಡುಕಿ. ಗೇರ್ ಆಯಿಲ್ ಹಾಕುವ ಬಾಯಿಗೆ ಸೋಪಿನ ಪೊರೆ ಹಿಡಿಯಿರಿ: ಅದು ಉಬ್ಬಿದರೆ ಎಡಗಡೆ ಸೀಲು ಹೋಗಿದೆ. ಡೈನಮೋದ ಹಿಂದೆ ಗುಳ್ಳೆ ಬಂದರೆ ಬಲಗಡೆಯದು. ಹತ್ತು ವರ್ಷಕ್ಕಿಂತ ಹೆಚ್ಚು ನಿಂತ ಗಾಡಿಯಾದರೆ ಪರೀಕ್ಷೆಯಲ್ಲಿ ಪಾಸಾದರೂ ಎರಡನ್ನೂ ಬದಲಿಸುವುದೇ ಲೇಸು. ಗಟ್ಟಿಯಾದ ರಬ್ಬರ್ ಬಿಸಿಯಾಗಿ ತಿರುಗಲು ಶುರುವಾದ ಮೇಲೆ ಹೆಚ್ಚು ದಿನ ಬಾಳುವುದಿಲ್ಲ.

ಸೀಲು ತೆಗೆಯಲು ಎಡಗಡೆ ಲಿವರ್, ಕವರು, ಕ್ಲಚ್ಚು, ಮುಂದಿನ ಸ್ಪ್ರಾಕೆಟ್ ಬಿಚ್ಚಬೇಕು. ಬಲಗಡೆ ಡೈನಮೋ ಆರ್ಮೇಚರ್ ಎಳೆಯಬೇಕು. ಆರ್ಮೇಚರ್ ಕೂತಿರುವುದು ಇಳಿಜಾರು ಶಾಫ್ಟಿನ ಮೇಲೆ. ಎಳೆಯುವ ಬೋಲ್ಟು ಹಾಕಿ ಬಿಗಿದು ತಲೆಗೆ ಒಂದು ಸಣ್ಣ ಏಟು ಕೊಟ್ಟರೆ ಬಿಡುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ತಂತಿ ಸುರುಳಿ ಹಾಳು. ವೈಟಾನ್ ರಬ್ಬರಿನ ಸೀಲು ಸಿಕ್ಕರೆ ಅದನ್ನೇ ಕೊಳ್ಳಿ, ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ಅದು ತಡೆಯುತ್ತದೆ. ಸ್ಪ್ರಿಂಗ್ ಇರುವ ಮುಖ ಕ್ರ್ಯಾಂಕ್ ಕೇಸಿನ ಕಡೆಗೆ, ತುಟಿಗೆ ಸ್ವಲ್ಪ ಗ್ರೀಸು.

ಬ್ಲಾಕು, ಪಿಸ್ಟನ್, ಕ್ರ್ಯಾಂಕು

ಬ್ಲಾಕ್ ತೆಗೆದ ತಕ್ಷಣ ಕ್ರ್ಯಾಂಕ್ ಕೇಸಿನ ಬಾಯಿಗೆ ಹಳೆ ಬನಿಯನ್ ಬಟ್ಟೆ ತುರುಕಿ. ಪಿಸ್ಟನ್ ಪಿನ್ನಿನ ಲಾಕ್ ಚಿಮ್ಮಿ ಒಳಗೆ ಬೀಳುವುದು ತೀರಾ ಸಾಮಾನ್ಯ. ಕನೆಕ್ಟಿಂಗ್ ರಾಡನ್ನು ಮೇಲಕ್ಕೆಳೆದು ಕೆಳಕ್ಕೊತ್ತಿ. ಅಕ್ಕಪಕ್ಕ ಸ್ವಲ್ಪ ವಾಲಿದರೆ ತೊಂದರೆ ಇಲ್ಲ. ಮೇಲೆ ಕೆಳಗೆ ‘ಟಿಕ್’ ಎಂದರೆ ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗ್ ಮುಗಿದಿದೆ. ಕ್ರ್ಯಾಂಕ್ ಬಿಚ್ಚಿ ಕೂಡಿಸುವುದಕ್ಕೆ ಪ್ರೆಸ್ಸೂ ಡಯಲ್ ಗೇಜೂ ಬೇಕು, ಅದನ್ನು ಪಳಗಿದ ಲೇತ್ ಅಂಗಡಿಗೇ ಬಿಡಿ.

ಪಿಸ್ಟನ್ನಿನ ರಿಂಗೊಂದನ್ನೇ ಬ್ಲಾಕಿನೊಳಗೆ ಬಿಟ್ಟು ಪಿಸ್ಟನ್ ತಲೆಯಿಂದ ತಳ್ಳಿ ಸಮ ಮಾಡಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ ಅಳೆಯಿರಿ. ಹೊಸ ರಿಂಗಿಗೆ 0.2ರಿಂದ 0.3 ಮಿ.ಮೀ. ಸಾಕು. ಹಳೆಯದರಲ್ಲಿ 0.8 ಮುಟ್ಟಿದ್ದರೆ ಬದಲಿಸಿ. ಬ್ಲಾಕಿನಲ್ಲಿ ಉಗುರಿಗೆ ಸಿಗುವ ಗೀರು ಇದ್ದರೆ ಬೋರಿಂಗ್ ಆಗಲೇಬೇಕು. ಮೊದಲು ಪಿಸ್ಟನ್ ಕೊಂಡು, ಅದನ್ನೇ ಕೈಗೆ ಕೊಟ್ಟು ಇದಕ್ಕೆ ಸರಿಯಾಗಿ ಕೊರೆಯಿರಿ ಎನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸಿಗುವ ಪಿಸ್ಟನ್‌ಗಳಲ್ಲಿ ಒಂದೇ ಅಳತೆ ಬರೆದಿದ್ದರೂ ನಿಜದ ಅಳತೆ ಒಂದರಂತೆ ಇನ್ನೊಂದಿರುವುದಿಲ್ಲ. ಬೋರಿಂಗ್ ಆಗಿ ಬಂದ ಬ್ಲಾಕಿನ ಪೋರ್ಟುಗಳ (ಮಿಶ್ರಣ, ಹೊಗೆ ಹಾಯುವ ಕಿಂಡಿಗಳ) ಅಂಚನ್ನು ಬೆರಳಿನಲ್ಲಿ ಸವರಿ ನೋಡಿ. ಕತ್ತಿಯಂತಿದ್ದರೆ ಸಣ್ಣ ಎಮರಿ ಕಾಗದದಿಂದ ಅಂಚನ್ನು ಮೃದು ಮಾಡಲೇಬೇಕು. ಅದನ್ನು ಬಿಟ್ಟರೆ ರಿಂಗ್ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ಪಿಸ್ಟನ್ ಮೇಲಿನ ಬಾಣ ಎಕ್ಸಾಸ್ಟ್ ಕಡೆಗಿರಲಿ, ಪಿನ್ ಲಾಕುಗಳು ಎರಡೂ ಹೊಸವೇ ಆಗಿರಲಿ.

ಕ್ಲಚ್ಚಿನ ಕಾರ್ಕ್ ಪ್ಲೇಟುಗಳನ್ನು ಹಾಕುವ ಮುನ್ನ ಒಂದು ರಾತ್ರಿ ಎಂಜಿನ್ ಆಯಿಲಿನಲ್ಲಿ ನೆನೆಸಿ. ಒಣ ಕಾರ್ಕು ಮೊದಲ ದಿನವೇ ಸುಡುತ್ತದೆ. ಈ ಗಾಡಿಯಲ್ಲಿ ಗೇರ್ ಲಿವರ್ ಒತ್ತಿದರೇ ಕ್ಲಚ್ಚು ಬಿಡುವ ಏರ್ಪಾಡು ಇದೆ. ಹಾಗಾಗಿ ಕೇಬಲ್ಲಿಗೆ ಹ್ಯಾಂಡಲ್ ಬಳಿ 2ರಿಂದ 3 ಮಿ.ಮೀ. ಸಡಿಲ ಇರಲೇಬೇಕು. ಬಿಗಿಯಾಗಿದ್ದರೆ ಕ್ಲಚ್ಚು ಸದಾ ಅರೆಬರೆ ಜಾರುತ್ತಲೇ ಇರುತ್ತದೆ. ಗೇರ್ ಬಾಕ್ಸಿಗೆ ಎಸ್‌ಎಇ 40 ಅಥವಾ 20ಡಬ್ಲ್ಯು40 ಆಯಿಲ್, ಲೆವೆಲ್ ಸ್ಕ್ರೂವಿನಿಂದ ತೊಟ್ಟಿಕ್ಕುವವರೆಗೆ.

ಟ್ಯಾಂಕಿನ ತುಕ್ಕು

ಪೆಟ್ರೋಲ್ ಕಾಕ್ ತೆಗೆದು ರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕಿ. ಸೋಪು, ಬಿಸಿನೀರಿನಿಂದ ಪೆಟ್ರೋಲ್ ಜಿಡ್ಡು ತೊಳೆಯಿರಿ. ಜಿಡ್ಡಿದ್ದ ಕಡೆ ಆಮ್ಲ ಕೆಲಸ ಮಾಡುವುದಿಲ್ಲ. ಆಮೇಲೆ ಲೀಟರಿಗೆ 80 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ಬಿಸಿನೀರನ್ನು ಬಾಯಿಮಟ್ಟ ತುಂಬಿ 24 ಗಂಟೆ ಬಿಡಿ. ಹೊರಗಿನ ಕ್ರೋಮಿಗೂ ಬಣ್ಣಕ್ಕೂ ಅದು ತಾಗದಂತೆ ಪ್ಲಾಸ್ಟಿಕ್ ಸುತ್ತಿ. ಚೆಲ್ಲಿದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಎರಡು ಸಲ ತೊಳೆದು ಕೂಡಲೇ ಹೇರ್ ಡ್ರೈಯರ್ ಹಿಡಿದು ಒಣಗಿಸಿ. ಅರ್ಧ ಗಂಟೆ ತಡವಾದರೂ ಹೊಸ ತುಕ್ಕು ಕಿತ್ತಳೆ ಬಣ್ಣಕ್ಕೆ ಮೂಡುತ್ತದೆ. ಒಣಗಿದೊಡನೆ ನೂರು ಮಿ.ಲೀ. ಟೂಟಿ ಆಯಿಲ್ ಹಾಕಿ ಎಲ್ಲ ಮೂಲೆಗೂ ಕುಲುಕಿ. ತೂತಿನ ಟ್ಯಾಂಕಿಗೆ ಮನೆಯಲ್ಲಿ ಬೆಂಕಿ ತೋರಿಸಲೇಬೇಡಿ. ಖಾಲಿ ಕಂಡರೂ ಒಳಗಿನ ಆವಿ ಸ್ಫೋಟಿಸುತ್ತದೆ.

ಮೂಲ ಬಣ್ಣ ಮಂಕಾಗಿದ್ದರೂ ಉಳಿದಿದ್ದರೆ ಅದನ್ನು ಕೆರೆಯಬೇಡಿ. ನಯವಾದ ಪಾಲಿಶ್ ಹಚ್ಚಿ ಹಾಗೇ ಇಡಿ. ಬೇಕೆಂದಾಗ ಹೊಸ ಬಣ್ಣ ಹೊಡೆಸಬಹುದು, ಕಾರ್ಖಾನೆಯಲ್ಲಿ ಎಳೆದ ಗೆರೆ ಒಮ್ಮೆ ಹೋದರೆ ಮತ್ತೆ ಬಾರದು.

ಕಿಡಿ

ಕರೆಂಟು ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್ ಸಂದು 0.4 ಮಿ.ಮೀ., ಪ್ಲಗ್ಗಿನದು 0.6. ಪಾಯಿಂಟನ್ನು ಸಣ್ಣ ಅರದಿಂದ ಸಮ ಮಾಡಿ, ಅರದ ಪುಡಿ ಉಳಿಯದಂತೆ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ. ತೆರೆಯುವಾಗ ಪಾಯಿಂಟಿನಲ್ಲೇ ದಪ್ಪ ನೀಲಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಸತ್ತಿದೆ. ಟೈಮಿಂಗನ್ನು ಆಯಾ ಮಾದರಿಯ ಕೈಪಿಡಿಯ ಅಳತೆಗೇ ಕೂರಿಸಿ, ಒಂದು ಮಾದರಿಯದು ಇನ್ನೊಂದಕ್ಕೆ ಹೊಂದುವುದಿಲ್ಲ. ಪಾಯಿಂಟ್ ತೆರೆಯುವ ಕ್ಷಣ ಗೊತ್ತಾಗಲು ಬೀಡಿ ಕಟ್ಟಿನ ತೆಳು ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿರಿ. ಕಾಗದ ಜಾರಿದ ಕ್ಷಣವೇ ಕಿಡಿಯ ಕ್ಷಣ. ಆರು ವೋಲ್ಟಿನ ಗಾಡಿಯಲ್ಲಿ ಮಂದ ದೀಪಕ್ಕೆ ಬಹಳ ಸಲ ಡೈನಮೋ ಕಾರಣವಲ್ಲ, ತುಕ್ಕು ಹಿಡಿದ ಅರ್ತ್ ಕಾರಣ. ಬ್ಯಾಟರಿಯಿಂದ ಚಾಸಿಸ್ಸಿಗೆ ಹೊಸ ದಪ್ಪ ತಂತಿ ಹಾಕಿ, ಕೂರುವ ಜಾಗವನ್ನು ಕಬ್ಬಿಣ ಕಾಣುವಷ್ಟು ಉಜ್ಜಿ.

ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಊದಬೇಡಿ. ಹಳೆ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಕವರಿನಲ್ಲಿ ಕಟ್ಟಿ ಎಸೆಯಿರಿ.

ಓಡಿಸಲು ಶುರು ಮಾಡಿದ ಮೇಲೆ

ಮೊದಲ 500 ಕಿ.ಮೀ.ಗೆ ಲೀಟರಿಗೆ 40 ಮಿ.ಲೀ. ಟೂಟಿ ಆಯಿಲ್, ಆಮೇಲೆ 30. ಡಬ್ಬದಲ್ಲಿ ಮೊದಲೇ ಬೆರೆಸಿ ಟ್ಯಾಂಕಿಗೆ ಹಾಕಿ. ಟ್ಯಾಂಕಿಗೇ ನೇರ ಸುರಿದರೆ ಆಯಿಲ್ ತಳಕ್ಕಿಳಿದು ಕಾಕಿನಲ್ಲಿ ಕೂರುತ್ತದೆ. ಆಯಿಲನ್ನು ಪಂಪೇ ಒದಗಿಸುವ ಆಯಿಲ್ ಕಿಂಗ್‌ನಂಥ ಮಾದರಿಯಲ್ಲಿ ಪಂಪು ಸರಿಯಿದೆ ಎಂದು ಖಾತ್ರಿಯಾಗುವವರೆಗೆ ಪೆಟ್ರೋಲಿಗೂ ಬೆರೆಸಿ. ಮೊದಲ ದಿನ ಐದು ನಿಮಿಷ ಓಡಿಸಿ ಪೂರ್ತಿ ತಣಿಯಲು ಬಿಡಿ, ಹೀಗೆ ಮೂರು ಸಲ. ಆಮೇಲೆ ತಣ್ಣಗಿರುವಾಗಲೇ ಹೆಡ್ ನಟ್ಟುಗಳನ್ನು ಅಡ್ಡಡ್ಡವಾಗಿ ಮತ್ತೆ ಬಿಗಿಯಿರಿ. 500 ಕಿ.ಮೀ. ಮುಗಿಯುವ ತನಕ 50ರ ವೇಗ ದಾಟಬೇಡಿ.

ಎಥೆನಾಲ್ ಪೆಟ್ರೋಲಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಪ್ಲಗ್ ಬಿಚ್ಚಿದಾಗ ಕಾಫಿ ಪುಡಿ ಬಣ್ಣ ಇರಬೇಕು, ಬೆಳ್ಳಗಿದ್ದರೆ ಕಾರ್ಬುರೇಟರ್ ಸೂಜಿಯನ್ನು ಒಂದು ಕಚ್ಚು ಮೇಲೇರಿಸಿ. ಆಗಲೂ ಬಿಳಿಯಾಗಿಯೇ ಉಳಿದರೆ ಗಾಳಿ ಪರೀಕ್ಷೆಗೆ ಹಿಂದಿರುಗಿ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲ್ ತೀರುವವರೆಗೆ ಎಂಜಿನ್ ಓಡಲು ಬಿಡಿ. ಮಲೆನಾಡಿನ ಮಳೆಗಾಲದಲ್ಲಿ ಇದು ತಪ್ಪಲೇಬಾರದು, ಎಥೆನಾಲ್ ಗಾಳಿಯ ತೇವ ಹೀರಿ ಬಟ್ಟಲಿನಲ್ಲಿ ನೀರು ಬಿಡುತ್ತದೆ.

ಚಾಮುಂಡಿ ಬೆಟ್ಟವೋ ಆಗುಂಬೆ ಘಾಟಿಯೋ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉದ್ದಕ್ಕೆ ಬಿಡಬೇಡಿ. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಪೆಟ್ರೋಲ್ ಬಾರದಿದ್ದರೆ ಅದರ ಜೊತೆಯ ಆಯಿಲೂ ಬಾರದು. ಗೇರು, ಬ್ರೇಕು ಎರಡನ್ನೂ ಬಳಸಿ ಇಳಿಯುತ್ತ, ನಡುನಡುವೆ ಕ್ಲಚ್ಚು ಹಿಡಿದು ಒಂದೆರಡು ಸಲ ಆಕ್ಸಿಲರೇಟರ್ ತಿರುವಿ ಪಿಸ್ಟನ್ನಿಗೆ ಆಯಿಲ್ ಮುಟ್ಟಿಸುತ್ತ ಬನ್ನಿ.