ಬಟ್ಟೆ ಒಣಹಾಕೋ ಹಗ್ಗ ಅಂದವರಿಗೆ

ಮಿಶಿಗನ್‌ನ ಆನ್ ಆರ್ಬರ್‌ನಲ್ಲಿ ಹನ್ನೊಂದು–ಹನ್ನೆರಡು ವರ್ಷದ ಹುಡುಗರಿಗೆ ಬೇಸ್‌ಬಾಲ್ ಹೇಳಿಕೊಡುತ್ತೇನೆ. ನಾನು ಆಡಿ ಬೆಳೆದದ್ದು ಕ್ರಿಕೆಟ್. ಇದೇ ಊರಿನ ವಿಶ್ವವಿದ್ಯಾಲಯದಲ್ಲಿ 1910ರಿಂದ 1913ರವರೆಗೆ ಬ್ರಾಂಚ್ ರಿಕಿ ಕೋಚ್ ಆಗಿದ್ದರು. ಶುರುವಿನಲ್ಲಿ ಕಾನೂನು ಓದುತ್ತಲೇ ಆ ಕೆಲಸ ಮಾಡಿದರು. ಮುಂದೆ 1947ರಲ್ಲಿ, ಬಿಳಿಯರಷ್ಟೇ ಆಡುತ್ತಿದ್ದ ದೊಡ್ಡ ಲೀಗಿನಲ್ಲಿ, ಕಪ್ಪು ಆಟಗಾರ ಜಾಕಿ ರಾಬಿನ್ಸನ್‌ರನ್ನು ಬ್ರೂಕ್ಲಿನ್ ಡಾಡ್ಜರ್ಸ್ ತಂಡದಲ್ಲಿ ಇಳಿಸಿದ್ದು ಎಲ್ಲರಿಗೂ ಗೊತ್ತು. ನನಗೆ ಧೈರ್ಯ ಬಂದಿದ್ದು ಮಾತ್ರ ಅವರ 1907ರ ಒಂದು ಪಂದ್ಯದಿಂದ. ನ್ಯೂಯಾರ್ಕ್ ತಂಡದ ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಥರ) ಆಗಿದ್ದ ಅವರ ಕಣ್ಣೆದುರೇ ಎದುರಾಳಿಗಳು 13 ಬೇಸ್ ಕದ್ದರು, ಅಂದರೆ ಚೆಂಡು ಹೊಡೆಯದೆಯೇ ಮುಂದಿನ ಬೇಸ್‌ಗೆ ಓಡಿಬಿಟ್ಟರು! ತೋಳು ಕೈಕೊಟ್ಟಿತ್ತು, ಪಾಪ. ಅಂಥವರ ಕೈಯಲ್ಲೇ, ಮುಂದೆ ದೊಡ್ಡ ಬ್ಯಾಟರ್ ಆದ ಜಾರ್ಜ್ ಸಿಸ್ಲರ್ ಪಳಗಿದ್ದು. ಮತ್ತೆ ನಾನ್ಯಾಕೆ ಹೆದರಬೇಕು, ಅಲ್ವಾ?

ನಮ್ಮ ತಂಡದ ಕಾಯಿಲೆ ವಾಕ್, ಅಂದರೆ ಪಿಚರ್ (ಚೆಂಡು ಎಸೆಯೋನು) ನಾಲ್ಕು ಸಲ ಗುರಿ ತಪ್ಪಿ ಬ್ಯಾಟರ್‌ಗೆ ಮೊದಲ ಬೇಸ್ ಬಿಟ್ಟುಕೊಡೋದು. ಒಂದು ಪಂದ್ಯಕ್ಕೆ ಒಂಬತ್ತು–ಹತ್ತು ಪುಕ್ಕಟೆ ಕೊಡುತ್ತಿದ್ದೆವು. ರಿಕಿ ಡಾಡ್ಜರ್ಸ್‌ನ ವೀರೋ ಬೀಚ್ ಶಿಬಿರದಲ್ಲಿ ಕಂಬ ನೆಟ್ಟು, ಸ್ಟ್ರೈಕ್ ಜೋನ್ (ಚೆಂಡು ಹಾದುಹೋಗಬೇಕಾದ ಚೌಕ) ಅಳತೆಗೆ ದಾರ ಕಟ್ಟಿ ಪಿಚರ್‌ಗಳಿಂದ ಎಸೆಸುತ್ತಿದ್ದರು. ನಾನೂ ಕಟ್ಟಿದೆ.

ಮೊದಲು ಪಿವಿಸಿ ಪೈಪು, ಸುಮಾರು 40 ಡಾಲರ್. ಗಾಳಿಗೇ ಮಲಗಿತು. ಆಮೇಲೆ ಜೇಬುಗಳಿರೋ ರೆಡಿಮೇಡ್ ಬಲೆ, 120ರ ಹತ್ತಿರ. ಎರಡೇ ವಾರಕ್ಕೆ ಹರಿಯಿತು. ಹತ್ತಿ ದಾರ ಕಟ್ಟಿದರೆ ಚೆಂಡು ಬಡಿದಾಗೆಲ್ಲ ಕಂಬವೂ ಜೊತೆಗೇ ಬೀಳುತ್ತಿತ್ತು. ಇನ್ನೊಬ್ಬ ಹುಡುಗನ ಅಪ್ಪ, ನಮ್ಮ ಕಡೆಯವರೇ, ನಿಂತು ನೋಡಿ “ಏನ್ ಸಾರ್, ಬಟ್ಟೆ ಒಣಹಾಕ್ತೀರಾ?” ಅಂದರು.

ಕೊನೆಗೆ ಕೈಹಿಡಿದಿದ್ದು ಹೆಂಡತಿಯ ಹೊಲಿಗೆ ಡಬ್ಬಿಯ ಚಡ್ಡಿ ಎಲಾಸ್ಟಿಕ್, ಟೊಮೆಟೊ ಗಿಡಕ್ಕೆ ಊರಿದ್ದ ಕಬ್ಬಿಣದ ಕೋಲು. ಅಡ್ಡಗಲ ಬ್ಯಾಟರ್ ಪಕ್ಕ ನೆಲದಲ್ಲಿರೋ ಪ್ಲೇಟಿನಷ್ಟೇ, 17 ಇಂಚು. ಬಿಳಿ ಎಲಾಸ್ಟಿಕ್ ಗ್ಯಾರೇಜಿನ ಬಿಳಿ ಬಾಗಿಲ ಮುಂದೆ ಕಾಣಲೇ ಇಲ್ಲ, ಕೇಸರಿ ಬಣ್ಣ ಬಳಿದೆ. ಪಂದ್ಯದಲ್ಲಿ ಎಸೆಯೋ 46 ಅಡಿಯಿಂದ ಎಸೆಸಲಿಲ್ಲ, ಮೊದಲು 30ರಿಂದ. ಒಬ್ಬ ಎಡಗೈ ಹುಡುಗ ಎಸೆದ ಚೆಂಡು ಕೆಳಗಿನ ದಾರ ಸವರಿ ‘ಬುರ್ರ್’ ಅಂತು. ಅವನು ತಿರುಗಿ ನನ್ನ ಮುಖ ನೋಡಿದ. ಅವತ್ತಿಂದ ಎಲ್ಲರಿಗೂ ಆ ಸದ್ದೇ ಬೇಕು. ನಾನು ಕೂಗಿಕೂಗಿ ಗಂಟಲು ಕೆಡಿಸಿಕೊಂಡಿದ್ದ ಕೆಲಸವನ್ನು ಎಲಾಸ್ಟಿಕ್ ಸುಮ್ನೆ ಮಾಡಿತು.

ಬ್ಯಾಟರ್ ಇಲ್ಲದೆ ಎಸೆದು ರೂಢಿಯಾದರೆ ಪಂದ್ಯದಲ್ಲಿ ಗಾಬರಿಯಾಗುತ್ತಾರೆ. ಅದಕ್ಕೆ ಹೆಲ್ಮೆಟ್ ಹಾಕಿ ನಾನೇ ಪಕ್ಕದಲ್ಲಿ ನಿಂತೆ. ತೊಡೆ ಮೇಲೆ ಎರಡು ವಾರ ನೀಲಿ ಗುರುತಿತ್ತು. ರಿಕಿ ಥರ, ಓಡಿಬಂದು ಬೇಸ್‌ಗೆ ಜಾರೋ ಅಭ್ಯಾಸಕ್ಕೆ ಮರಳಿನ ಗುಂಡಿಯನ್ನೂ ತೋಡಿದ್ದೆ, ಆರು ಚೀಲ ಮರಳು. ಹುಡುಗರಿಗಿಂತ ಜಾಸ್ತಿ ಉಪಯೋಗಿಸಿದ್ದು ಪಕ್ಕದ ಮನೆ ಬೆಕ್ಕು. ಮುಚ್ಚಿಬಿಟ್ಟೆ.

ಜೂನ್ ಮುಗಿಯೋ ಹೊತ್ತಿಗೆ ವಾಕ್ ಮೂರು–ನಾಲ್ಕಕ್ಕೆ ಇಳಿಯಿತು. ಮಳೆ ಬಂದ ಎರಡು ಪಂದ್ಯ ಲೆಕ್ಕಕ್ಕಿಲ್ಲ. ಹಗ್ಗ ಅಂದಿದ್ದ ಆ ಸಾರ್ ಹೋದ ವಾರ ಟೇಪ್ ಹಿಡಿದು ಮನೆಗೆ ಬಂದರು. ಎಲ್ಲ ಅಳತೆ ಬರೆಸಿ, ಕಾಫಿ ಕೊಟ್ಟು ಕಳಿಸಿದೆ. ಕೆಳಗಿನ ದಾರವನ್ನು ಯಾವ ಹುಡುಗನಿಗೆ ಎಷ್ಟು ಸಡಿಲ ಬಿಡ್ತೀನಿ ಅನ್ನೋದನ್ನ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.